ಕಿತ್ತಳೆ ಬಣ್ಣದ ನಾಲಾ

ಭೂಗೋಳದ ಮೊದಲ ಪಾಠದ ದಿನವೇ ರುಕ್ಮಿಣಿ ಮಕ್ಕಳಿಗೆ ಮಾತು ಕೊಟ್ಟಿದ್ದಳು: “ನೀವು ಕಣ್ಣಾರೆ ಕಂಡು ಬರೆದದ್ದನ್ನ ನಾನು ಅಳಿಸಲ್ಲ. ಅಳಿಸಿ ಅಂತ ನಿಮಗೂ ಹೇಳಲ್ಲ.” ಮೈಸೂರಿನಿಂದ ಡೊಂಬಿವಲಿಗೆ ಸಂಸಾರ ತಂದು, ಕನ್ನಡ ಶಾಲೆಯಲ್ಲಿ ಹಂಗಾಮಿ ಟೀಚರಾಗಿ ಸೇರಿದ ಹೊಸತು. ಆಮೇಲೆ ಬಂದ ತರಗತಿಗಳಿಗೆಲ್ಲ ಅದೇ ಮಾತು ದಾಟುತ್ತ ಬಂತು. ಅದಕ್ಕೆ ಬೆಲೆ ತೆರಬೇಕಾದದ್ದು ಮಾತ್ರ ಈ ವರ್ಷ.

ಶಾಲೆಗೆ ಹೊಸ ಕೋಣೆಯಾಗಿತ್ತು. ಅದರ ಗೋಡೆಯ ಮೇಲೆ ಆರನೆಯ ತರಗತಿಯವರು ತಮ್ಮ ಬಡಾವಣೆಯ ನಕ್ಷೆ ಬರೆದರು. ಮಧ್ಯಾಹ್ನದ ನೆರಳು ನೋಡಿ ಉತ್ತರ ಗುರುತಿಸಿದರು. ಹಗ್ಗ ಹಿಡಿದು ಗಲ್ಲಿ ಗಲ್ಲಿ ಅಳೆದರು. ಬೀದಿಯ ಒಂದು ಹಗ್ಗ ಗೋಡೆಯ ಮೇಲೆ ಒಂದು ಗೇಣು. ಎಲ್ಲ ಸರಿಯಾಗಿ ಕೂತಿತು, ಫ್ಯಾಕ್ಟರಿಯ ಹಿಂದೆ ಅದರದೇ ಕೊಳೆನೀರು ಹರಿಯುವ ನಾಲಾ ಬರುವವರೆಗೆ. ನೀರಿಗೆ ನೀಲಿ ಎಂದಿತ್ತು ಪುಸ್ತಕ. ಇಲ್ಲಿಯೇ ಹುಟ್ಟಿ ಬೆಳೆದ ಶ್ರೀಪ್ರಿಯಾ ಕುಂಚ ತಡೆದಳು.

“ಟೀಚರ್, ಅಪ್ನಾ ನಾಲಾ ನೀಲಾ ಕಹಾಂ ಹೈ?”

ಅದು ನೀಲಿ ಹೌದೋ ಅಲ್ಲವೋ ಎಂದು ರುಕ್ಮಿಣಿ ಮಕ್ಕಳನ್ನು ಕರೆದುಕೊಂಡು ಹೋಗಿ ಮತ್ತೊಮ್ಮೆ ನೋಡಿಸಿದಳು. ಮೂಗು ಮುಚ್ಚಿಕೊಂಡು ಬಂದವರು ನಾಲಾಕ್ಕೆ ಕಿತ್ತಳೆ ಬಣ್ಣ ಬಳಿದರು.

ಉದ್ಘಾಟನೆಯ ಹಿಂದಿನ ದಿನ ಶಾಲೆಯ ಅಧ್ಯಕ್ಷ ಜಯಶೀಲರು ಬಂದರು. ನೌಪಾಡಾದಲ್ಲಿ ಹೋಟೆಲು ಅವರದು. ಕೋಣೆ ಕಟ್ಟಿಸಿಕೊಟ್ಟದ್ದು ಅದೇ ಫ್ಯಾಕ್ಟರಿಯ ಸೇಠ್.

“ಎಂತ ಮಾರಾಯ್ರೆ ಇದು? ಅವರು ಕೊಟ್ಟ ಗೋಡೆಯಲ್ಲೇ ಅವರ ಮರ್ಯಾದೆ ತೆಗೆಯುವುದಾ?”

“ನಕ್ಷೇಲಿ ಮರ್ಯಾದೆಗೆ ಗುರುತಿಲ್ಲ ಸಾರ್. ನಾಲಾಕ್ಕಿದೆ.”

“ಒಂದು ಕೋಟ್ ನೀಲಿ ಹೊಡೀರಿ, ಮುಗೀತು. ನಿಮ್ಮ ಪರ್ಮನೆಂಟ್ ಆರ್ಡರ್ ನನ್ನ ಟೇಬಲ್ ಮೇಲೆ ಉಂಟು. ಗೊತ್ತುಂಟಲ್ಲ?”

ಗೊತ್ತಿತ್ತು. ಮನೆಯಲ್ಲಿ ಓದುವ ಮಕ್ಕಳಿಬ್ಬರು. ಆ ಆರ್ಡರ್ ನಂಬಿಕೊಂಡೇ ಅವಳು ಇಷ್ಟು ವರ್ಷ ಗಾಣದೆತ್ತಿನಂತೆ ದುಡಿದಿದ್ದಳು. ಕುಂಚವನ್ನು ನೀಲಿಯಲ್ಲಿ ಅದ್ದಿದಳು. ಜಯಶೀಲರು ನಿರಾಳವಾಗಿ ಉಸಿರು ಬಿಟ್ಟರು. ಕುಂಚ ನಾಲಾದ ಹತ್ತಿರ ಹೋಗಲಿಲ್ಲ. ಗುರುತುಗಳ ವಿವರಣೆಯಿದ್ದ ಕೆಳಮೂಲೆಗೆ ಹೋಯಿತು. ಅಲ್ಲಿ ಒಂದು ನೀಲಿ ಚೌಕ: ‘ನೀರು, ಪುಸ್ತಕದಲ್ಲಿ’. ಪಕ್ಕಕ್ಕೆ ಒಂದು ಕಿತ್ತಳೆ ಚೌಕ: ‘ನೀರು, ನಮ್ಮಲ್ಲಿ’.

ಮರುದಿನ ಸೇಠ್ ನಕ್ಷೆಯ ಮುಂದೆ ನಿಂತು ಕಿತ್ತಳೆ ಚೌಕದ ಪಕ್ಕದ ಅಕ್ಷರ ತೋರಿಸಿದ. “ಯೇ ಕ್ಯಾ ಲಿಖಾ ಹೈ?”

“ಸನ್‌ಸೆಟ್ ಸೇಠ್‌ಜಿ,” ಎಂದರು ಜಯಶೀಲರು. “ಶಾಮ್ ಕಾ ಪಾನಿ.”

“ನಹೀ ಅಂಕಲ್,” ಎಂದಳು ಶ್ರೀಪ್ರಿಯಾ. “ನೀಲಾ ಕಿತಾಬ್ ಕಾ ಪಾನಿ. ಆರೆಂಜ್ ಹಮಾರಾ.”

ಸೇಠ್ ಚಹಾ ಕುಡಿಯದೆ ಕಾರು ಹತ್ತಿದ. ಜಯಶೀಲರು ಹತ್ತಿರ ಬಂದು ದನಿ ತಗ್ಗಿಸಿದರು. “ಟೀಚರೇ, ಈಗಲೂ ಒಂದು ಕೋಟ್ ಸಾಕು.”

“ನಾಲಾ ನೀಲಿಯಾದ ದಿನ ಹೇಳಿ ಕಳಿಸಿ ಸಾರ್. ನಾನೇ ಬಂದು ಹೊಡೀತೀನಿ.”

ಆರ್ಡರ್ ಬರಲಿಲ್ಲ. ಜೂನಿನಲ್ಲಿ ರುಕ್ಮಿಣಿ ಕಲ್ಯಾಣದ ಬೇರೊಂದು ಶಾಲೆಗೆ ಸೇರಿದಳು, ಅಲ್ಲಿಯೂ ಹಂಗಾಮಿಯಾಗಿಯೇ. ನಾಲಾವನ್ನು ಅವಳು ಅಳಿಸಲಿಲ್ಲ, ಅಳಿಸಿ ಅಂತ ಮಕ್ಕಳಿಗೆ ಹೇಳಲೂ ಇಲ್ಲ. ಕೊಟ್ಟ ಮಾತು ನಡೆಯಿತು.