ಮೂರು ಚಮಚ ನೀರಿನ ಪೂಜೆ

ನಾನು ಸತ್ತಿಲ್ಲ. ನಮ್ಮೂರು ಮುರುಮದ ಪೇಟೆಯಲ್ಲಿ ಅರ್ಧ ಜನ ನನ್ನನ್ನು ಆಗಲೇ ಮೇಲಕ್ಕೆ ಕಳಿಸಿಬಿಟ್ಟಿದ್ದರು, ಅದಕ್ಕೇ ಮೊದಲು ಈ ಮಾತು. ನಡೆದದ್ದನ್ನು ನಾನೇ ಹೇಳುತ್ತೇನೆ. ನಮ್ಮ ಯಜಮಾನರು ವಿಶ್ವನಾಥಪ್ಪನವರು ಹೇಳಿದರೆ ಅದರಲ್ಲಿ ಉಪ್ಪೂ ಇರುವುದಿಲ್ಲ, ಖಾರವೂ ಇರುವುದಿಲ್ಲ.

ಬರ ಬಿದ್ದು ಲಾತೂರಿಗೆ ರೈಲಿನಲ್ಲಿ ನೀರು ತಂದ ವರ್ಷ ಅದು. ನಮ್ಮ ಓಣಿಗೆ ನಾಲ್ಕು ದಿನದಿಂದ ಟ್ಯಾಂಕರ್ ಬಂದಿರಲಿಲ್ಲ. ಆ ಬೆಳಗ್ಗೆ ಮನೆಯಲ್ಲಿ ಉಳಿದದ್ದು ಕುಡಿಯುವ ನೀರು ಒಂದೇ ಕೊಡ. ಅದರಲ್ಲಿ ಸ್ನಾನ ಎಲ್ಲಿಂದ ಮಾಡಲಿ? ಸ್ನಾನವಿಲ್ಲದೆ ಲಿಂಗಪೂಜೆ ಇಲ್ಲ, ಪೂಜೆಯಿಲ್ಲದೆ ಈ ಶಿವಗಂಗಾಬಾಯಿಯ ಬಾಯಿಗೆ ಒಂದು ಹನಿಯೂ ಹೋಗುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ನಡೆಸಿಕೊಂಡು ಬಂದ ನೇಮ. ನಿಲಂಗಾದಲ್ಲಿ ಅಕ್ಕನ ಮಗಳ ನಿಶ್ಚಯವಿತ್ತು. ಅಲ್ಲಿಯೇ ಸ್ನಾನ, ಪೂಜೆ, ಊಟ ಎಲ್ಲ ಮುಗಿಸಿದರಾಯಿತೆಂದು ಇಬ್ಬರೂ ಬಸ್ಸು ಹತ್ತಿದೆವು. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ಹೊತ್ತಿಗೆ ಸರಿಯಾಗಿ, ಒಣಬಾಯಿಯಲ್ಲೇ ನುಂಗಿದ್ದೆ. ಗುಳಿಗೆ ಊಟವಲ್ಲವಾದ್ದರಿಂದ ನೇಮಕ್ಕೆ ಭಂಗವಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಬಸ್ಸು ನಡುದಾರಿಯಲ್ಲಿ ಕೆಟ್ಟು ಎರಡು ತಾಸು ನಿಂತಿತು. ನಿಲಂಗಾದ ಬಸ್ ನಿಲ್ದಾಣದಲ್ಲಿ ಕೆಳಗೆ ಕಾಲಿಟ್ಟದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ಸಂಜೆ. ಒಂದು ಸಣ್ಣ ದವಾಖಾನೆಯ ಹೆಂಗಸರ ವಾರ್ಡು, ಕೈಗೆ ಸಲೈನು. ಮೈಯಲ್ಲಿ ಸಕ್ಕರೆ ಪೂರ್ತಿ ಇಳಿದಿದೆ, ಗುಳಿಗೆಯ ಜೋರು ಇನ್ನೂ ಇದೆ, ರಾತ್ರಿ ಇಲ್ಲೇ ಇರಬೇಕು ಎಂದರಂತೆ ಡಾಕ್ಟರು. ಅಲ್ಲಿ ನಿಶ್ಚಯ ನಡೆಯುತ್ತಿದೆ, ನಾನು ಹಾಸಿಗೆಯಲ್ಲಿ! ಯಜಮಾನರು ನೀರು, ಊಟ ತರುತ್ತೇನೆಂದು ಅಕ್ಕನ ಮನೆಗೆ ಹೋದವರು ಅಲ್ಲಿ ಟ್ಯಾಂಕರಿನ ಸಾಲಿನಲ್ಲಿ ಸಿಕ್ಕಿಬಿದ್ದರು. ಎಂಟರ ಮೇಲೆ ಆ ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲ.

ಅಷ್ಟೂ ಹಾಸಿಗೆಗಳಿಗೆ ಒಬ್ಬಳೇ ಸಿಸ್ಟರ್, ಚಂದ್ರಭಾಗಾ. ಗುಂಜೋಟಿಯ ಕಡೆ ಕುರಿ ಸಾಕುವವರ ಮನೆಯವಳು, ಬೀರಪ್ಪ ದೇವರ ಒಕ್ಕಲು. ಬೆಳಗ್ಗೆ ಏಳಕ್ಕೆ ಬಂದವಳು. ರಾತ್ರಿ ಪಾಳಿಯವಳ ಮಗುವಿಗೆ ಜ್ವರ, ಅದಕ್ಕೆ ಈಕೆಯೇ ಮುಂದುವರಿದಿದ್ದಳು. ಬಿಸಿಲು ಬಡಿದವರು, ಕೆಟ್ಟ ನೀರು ಕುಡಿದು ವಾಂತಿಭೇದಿ ಹತ್ತಿದವರು, ಎಲ್ಲರಿಗೂ ಇವಳೇ ಬೇಕು.

ಆಗ ನನಗೆ ಹೊಳೆಯಿತು: ಪೂಜೆಯಾಗಿಲ್ಲ, ಸಲೈನಿನ ಸಿಹಿ ನೀರು ಮೈಯೊಳಗೆ ಇಳಿಯುತ್ತಿದೆ! ಸೂಜಿ ಕಿತ್ತು ಒಗೆದೆ. ಈಗ ಹೇಳಲು ನಾಚಿಕೆ, ಆಗ ಭಾರೀ ಶೂರತನ ಅನ್ನಿಸಿತ್ತು. ಚಂದ್ರಭಾಗಾ ಓಡಿ ಬಂದು ರಕ್ತಕ್ಕೆ ಹತ್ತಿ ಒತ್ತಿ ಹಿಡಿದಳು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಮತ್ತೆ ಮೂರು ಕಡೆ ಚುಚ್ಚಿ ನೋಡಿದಳು. ನೀರಿಲ್ಲದೆ ಒಣಗಿದ ಮೈಯಲ್ಲಿ ನರವೇ ಸಿಗಲಿಲ್ಲ.

ಒಂದು ತಾಸಿನೊಳಗೆ ಬೆವರು ಕಿತ್ತುಕೊಂಡು ಬಂತು. ಕೈಕಾಲು ಗಡಗಡ, ಗೋಡೆ ಓಡಾಡಲು ಶುರುಮಾಡಿತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ನಲವತ್ತೆಂಟು. ಡಾಕ್ಟರಿಗೆ ಫೋನ್ ಮಾಡಿದಳು, ಬರಲು ಅರ್ಧ ತಾಸು ಬೇಕು. ಅಷ್ಟರೊಳಗೆ ಸಕ್ಕರೆ ನೀರು ಗಂಟಲಲ್ಲಿ ಇಳಿಯದಿದ್ದರೆ ಮತ್ತೆ ಎಚ್ಚರ ತಪ್ಪುತ್ತದೆ, ಈ ಸಲ ಏಳುತ್ತೀರೋ ಇಲ್ಲವೋ ಗೊತ್ತಿಲ್ಲ ಎಂದು ನೆಟ್ಟಗೆ ಹೇಳಿದಳು. ನಾನು ಹಲ್ಲು ಬಿಗಿಹಿಡಿದೆ. ಸಾಯಲು ಹೆದರಿಕೆಯಾಗಿತ್ತು, ನೇಮ ಮುರಿಯಲು ಅದಕ್ಕಿಂತ ಹೆದರಿಕೆ.

ಅವಳು ನನ್ನ ಹಾಸಿಗೆಯ ಅಂಚಿಗೆ ಕುಳಿತು, ಸ್ವಂತ ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದಳು. "ಮಾವಶಿ, ನಿಮ್ಮ ಲಿಂಗಪ್ಪಗ ಎಷ್ಟ ನೀರ ಬೇಕ್ರೀ?"

"ಮೊದಲ ನಂದು ಜಳಕ ಆಗಬೇಕು," ಎಂದೆ, ನಾಲಿಗೆ ತೊದಲುತ್ತಿತ್ತು.

ಅವಳು ನಕ್ಕೇಬಿಟ್ಟಳು! ತನ್ನ ಚೀಲದಿಂದ ಬಾಟಲಿ ತೆಗೆದು, ಹತ್ತಿ ಒದ್ದೆ ಮಾಡಿ, ಹಣೆ, ಕುತ್ತಿಗೆ, ತೋಳು ಸರಸರ ಒರೆಸಿದಳು. "ಆತು ಜಳಕ. ಆಪರೇಷನ್‌ಕ್ಕ ಹೋಗಾವ್ರಿಗೂ ಹಿಂಗೇ ಮಾಡ್ತೀವಿ. ನಮ್ಮ ಬೀರಪ್ಪ ಚಿಟಿಕಿ ಅರಿಷಿಣ ಭಂಡಾರಕ್ಕ ಖುಷಿ ಆಗ್ತಾನ, ನಿಮ್ಮಾಂವಾ ಅಷ್ಟ ಹಟಾ ಮಾಡ್ತಾನೇನ್ರೀ?"

ಕೊರಳಿನ ಲಿಂಗವನ್ನು ನಾನೇ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡೆ. ಕೈ ನಡುಗಿ ಅದು ಬೀಳುವ ಹಾಗಾಯಿತು. ಅವಳು ಲಿಂಗ ಮುಟ್ಟಲಿಲ್ಲ, ನನ್ನ ಕೈಯನ್ನು ಕೆಳಗಿನಿಂದ ಗಟ್ಟಿಯಾಗಿ ಹಿಡಿದಳು. ಆಚೆ ಹಾಸಿಗೆಯಿಂದ ಯಾರೋ ಸಿಸ್ಟರ್, ಸಿಸ್ಟರ್ ಎಂದು ಕೂಗುತ್ತಿದ್ದರು. ಬಂದೆ ಎಂದಳು, ಕೈ ಬಿಡಲಿಲ್ಲ. ಮೂರು ಚಮಚ ನೀರೆರೆದೆ. "ಓಂ" ಎಂದೆ, ಮುಂದೆ ನಾಲಿಗೆ ಹೊರಳಲಿಲ್ಲ.

"ನಮಃ ಶಿವಾಯ," ಎಂದು ಅವಳೇ ಮುಗಿಸಿದಳು.

ಸಕ್ಕರೆ ನೀರನ್ನು ಗಟಗಟ ಕುಡಿದೆ. ಒಂದು ಲೋಟ, ಮತ್ತೊಂದು ಲೋಟ. ಕಾಲು ತಾಸಿಗೆ ಎಪ್ಪತ್ತಾರು! ನನಗಿಂತ ಅವಳ ಮುಖವೇ ಹೆಚ್ಚು ಅರಳಿತು. ಆಮೇಲೆ ಡಾಕ್ಟರು ಬಂದು ನರ ಹುಡುಕಿ, ಸಲೈನು ಹಚ್ಚಿ ಹೋದರು.

ರಾತ್ರಿಯಿಡೀ ತಾಸಿಗೊಮ್ಮೆ ಬಂದು ನನ್ನ ಬೆರಳು ಚುಚ್ಚಿದಳು. ನಡುವೆ ಒಬ್ಬಳ ಹಾಸಿಗೆ ಬದಲಿಸಿದಳು, ಇನ್ನೊಬ್ಬಳ ವಾಂತಿ ಹಿಡಿದಳು. ಆಮೇಲೆ ಅವಳು ಕುಳಿತದ್ದನ್ನು ನಾನು ಕಾಣಲಿಲ್ಲ. ನಸುಕಿನಲ್ಲಿ ಗೋಡೆಯ ಕಡೆ ತಿರುಗಿ ಅದೇ ಬಾಟಲಿಯನ್ನು ಬಾಯಿಗೆ ಬಗ್ಗಿಸಿದಳು. ಏನೂ ಬೀಳಲಿಲ್ಲ. ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡಳು. ದವಾಖಾನೆಯ ನಲ್ಲಿ ಹಿಂದಿನ ಮಧ್ಯಾಹ್ನವೇ ಬತ್ತಿತ್ತು. ನನ್ನ ಜಳಕ, ಪೂಜೆ, ಎರಡು ಲೋಟ, ಎಲ್ಲವೂ ಅವಳು ರಾತ್ರಿಗೆಂದು ಉಳಿಸಿಕೊಂಡಿದ್ದ ಕುಡಿಯುವ ನೀರು.

ಬೆಳಗ್ಗೆ ವಾರ್ಡಿನ ಬಾಗಿಲು ತೆರೆದ ಕೂಡಲೇ ಯಜಮಾನರು ಬಿಂದಿಗೆ ಹೊತ್ತು ಬಂದರು. ಪೂಜೆಗೆಂದೇ ಮೀಸಲು ತೆಗೆದದ್ದು, ಯಾರೂ ಮುಟ್ಟಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ನಾನು ಲೋಟ ಅದ್ದಿ ಚಂದ್ರಭಾಗಾಳನ್ನು ಕರೆದೆ. ಪೂಜೆ ಆಗಲಿ ಎಂದು ಅವಳು ಹಿಂದೆ ಸರಿದಳು. ಯಜಮಾನರು ನನಗೆ ಇನ್ನೂ ಭ್ರಮೆ ಇಳಿದಿಲ್ಲವೇನೋ ಎಂಬಂತೆ ನೋಡಿದರು.

"ಲಿಂಗಪ್ಪ ಎಲ್ಲಿಗೂ ಹೋಗಂಗಿಲ್ಲ," ಎಂದೆ. "ಮೊದಲ ನೀ ಕುಡಿ, ಮಗಳ."

ನಿಂತಲ್ಲೇ ಮೂರು ಲೋಟ ಕುಡಿದಳು. ಅಷ್ಟರಲ್ಲಿ ಮತ್ಯಾರೋ ಕೂಗಿದರು, ಬಾಯಿ ಒರೆಸಿಕೊಂಡು ಓಡಿದಳು. ಅವಳು ಕುಡಿದು ಉಳಿದ ನೀರಿನಲ್ಲಿ ನಾನು ಆ ದಿನದ ಪೂಜೆ ಮಾಡಿದೆ.