ಸ್ಟಾರ್ಟ್ ಆಗದ ಗರಗಸ

ಊರಿನವರ ಮೆಷಿನ್‌ಗಳೆಲ್ಲ ಅವನ ಕೈಯಲ್ಲಿ ಬದುಕುತ್ತಿದ್ದವು. ಹುಲ್ಲು ಕತ್ತರಿಸುವುದಿರಲಿ, ನೀರೆತ್ತುವುದಿರಲಿ, ಯಾವುದು ಮೊಂಡು ಹಿಡಿದರೂ ಮೆಕ್ಯಾನಿಕ್ ಒಮ್ಮೆ ಕಿವಿಗೊಟ್ಟು ಕೇಳಿ ರೋಗ ಇಂಥದ್ದೆಂದು ಹೇಳಿಬಿಡುತ್ತಿದ್ದ. ಸ್ವಂತ ಮನೆಯ ಪೆಟ್ರೋಲ್ ಗರಗಸವನ್ನು ಮಾತ್ರ ಎಂಟು ತಿಂಗಳಿಂದ ಮುಟ್ಟಿರಲಿಲ್ಲ. ದೀಪದ ಬುಡ ಕತ್ತಲೆ ಎಂದು ಹೆಂಡತಿ ನಗುತ್ತಿದ್ದಳು.

ಅದು ಕೆಟ್ಟಿದೆಯೆಂದು ಹೇಳಿದವನು ಹೆಂಡತಿಯೊಡನೆ ಪಕ್ಕದ ಮನೆಯಲ್ಲೇ ಇದ್ದ ಅವಳ ತಮ್ಮ. ಉದ್ದಕ್ಕಿಂತ ಅಗಲ ಜಾಸ್ತಿಯಾದ್ದರಿಂದ ಎಲ್ಲರ ಬಾಯಲ್ಲೂ ದಡಿಯ. ಕೊಂಬೆ ಕತ್ತರಿಸಲು ಒಯ್ದಿದ್ದವನು ವಾಪಸ್ ತಂದಿಟ್ಟು, "ಭಾವ, ಹಗ್ಗ ಎಳೆದೂ ಎಳೆದೂ ತೋಳು ಬಿದ್ದೋಯ್ತು. ಜಪ್ಪಯ್ಯ ಅಂದ್ರೂ ಸ್ಟಾರ್ಟ್ ಆಗಲ್ಲ" ಎಂದಿದ್ದ.

"ಇಡೋ ಅಲ್ಲಿ, ನಾಳೆ ನೋಡ್ತೀನಿ."

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ, ಬಿರುಗಾಳಿ ನಿಂತು ಅರ್ಧ ಗಂಟೆಯೂ ಆಗಿರಲಿಲ್ಲ. ದಡಿಯ ಹಿತ್ತಲಲ್ಲಿ ಹಾರಿಬಿದ್ದ ತಗಡುಗಳನ್ನು ಎತ್ತಿಡುತ್ತಿದ್ದಾಗ, ಬೇರು ಸಡಿಲಾಗಿದ್ದ ಮರ ಉರುಳಿತು. ಮೆಕ್ಯಾನಿಕ್ ಓಡಿಬಂದಾಗ ಕಾಂಡ ದಡಿಯನ ಎರಡೂ ತೊಡೆಗಳ ಮೇಲೆ ಕೂತಿತ್ತು. ಆರು ಜನ ಭುಜ ಕೊಟ್ಟರೂ ಮಿಸುಕಲಿಲ್ಲ. ಕೊಡಲಿ ಏಟು ಹಾಕಿದರೆ ಅದುರು ತೊಡೆಗಳಿಗೇ ತಟ್ಟುತ್ತಿತ್ತು, ಊರಲ್ಲಿ ಬೇರೆ ಪೆಟ್ರೋಲ್ ಗರಗಸವೂ ಇರಲಿಲ್ಲ. ರಸ್ತೆಗೆ ಮರಗಳು ಬಿದ್ದು ಆಂಬುಲೆನ್ಸ್ ದೂರದಲ್ಲೇ ನಿಂತಿತ್ತು.

"ಭಾವ, ಗರಗಸ ತನ್ನಿ" ಎಂದ ದಡಿಯ. ಕೆಟ್ಟದ್ದು ಮರೆತಿತ್ತೋ, ನೆನಪಿದ್ದೂ ಆ ಮಾತೆತ್ತಲಿಲ್ಲವೋ.

ಮೆಕ್ಯಾನಿಕ್ ಗರಗಸ ತಂದು ಹತ್ತು ಸಲ ಹಗ್ಗ ಎಳೆದ. ಎಂಜಿನ್ ಕೆಮ್ಮಲೂ ಇಲ್ಲ. ಟ್ಯಾಂಕಿನ ಮುಚ್ಚಳ ತೆಗೆದರೆ ಹಳಸಿದ ಪೆಟ್ರೋಲಿನ ಕಮಟು. ಅದನ್ನು ಚೆಲ್ಲಿ, ಸ್ಕೂಟರಿನಿಂದ ಹೊಸದನ್ನು ಇಳಿಸಿ, ಆಯಿಲ್ ಬೆರೆಸಿ ತುಂಬಿದ. ಚೆಲ್ಲಿದ ಪೆಟ್ರೋಲಿನಿಂದ ದೂರ ಸರಿದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಮಸಿ ಉಜ್ಜಿ, ಲೋಹಕ್ಕೆ ತಾಗಿಸಿ ಎಳೆದ. ನೀಲಿ ಕಿಡಿ ಚಟ್ಟೆಂದಿತು. ಕಿಡಿ ಇದೆಯೆಂದರೆ ಪೆಟ್ರೋಲೇ ಒಳಗೆ ಹೋಗುತ್ತಿಲ್ಲ. ಕಾರ್ಬ್ಯುರೇಟರ್ ಬಿಚ್ಚದೆ ಗತಿಯಿಲ್ಲ. ಅಂಗಡಿಯಲ್ಲಿ ಕಣ್ಣುಮುಚ್ಚಿ ಬಿಚ್ಚುತ್ತಿದ್ದ ಸ್ಕ್ರೂ ಎರಡು ಸಲ ಕೆಸರಿಗೆ ಬಿತ್ತು.

ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಡತಿ, "ರೀ, ಬೇಗ" ಎಂದಳು.

"ಅವಸರ ಮಾಡ್ಬೇಡ ಅಕ್ಕ," ದಡಿಯ ಹಲ್ಲು ಕಚ್ಚಿ ನಕ್ಕ. "ಆಮೇಲೆ ಗರಗಸದ ಬದಲು ನನ್ನೇ ಬಿಚ್ಚಿಡ್ತಾರೆ."

ಸ್ವಲ್ಪ ಹೊತ್ತಿಗೆ ಅವನ ಮಾತು ತೊದಲತೊಡಗಿತು, ಆಮೇಲೆ ನಿಂತೇಹೋಯಿತು.

ಕಾರ್ಬ್ಯುರೇಟರಿನ ಸಣ್ಣ ತೂತಿಗೆ ತೆಳು ತಂತಿ ಚುಚ್ಚಿದಾಗ ಸಾಸಿವೆ ಕಾಳಿನಷ್ಟೂ ಇಲ್ಲದ ಅಂಟು ಹೊರಬಂತು. ಮತ್ತೆ ಜೋಡಿಸಿ ಎಳೆದಾಗ ಮೂರನೇ ಎಳೆತಕ್ಕೆ ಗರಗಸ ಗರ್ಜಿಸಿತು. ಮರ ಕತ್ತರಿಸಲು ಹಿಡಿದದ್ದು ಹತ್ತು ನಿಮಿಷ. ಗರಗಸ ಸ್ಟಾರ್ಟ್ ಆಗುವವರೆಗೆ ಕಳೆದದ್ದು ಒಂದು ಗಂಟೆ. ಬಾಗಿಲೊಂದನ್ನು ಕಳಚಿ ಅದರ ಮೇಲೆ ದಡಿಯನನ್ನು ಹೊತ್ತೊಯ್ದರು. ಆಂಬುಲೆನ್ಸ್ ತಲುಪುವ ಮೊದಲೇ ಉಸಿರು ನಿಂತಿತು.

ನಾಲ್ಕನೇ ದಿನ ಹೆಂಡತಿ ಕೇಳಿದಳು: "ಏನಾಗಿತ್ತು ಅದಕ್ಕೆ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ. "ಕಸ ಕಟ್ಟಿತ್ತು."

"ಅವ್ನು ತಂದಿಟ್ಟ ದಿನವೇ ನೋಡಿದ್ರೆ?"

"ಅಂಗಡೀಲಿ... ಕಾಲು ಗಂಟೆ ಕೆಲಸ."

ಅವಳು ಎದ್ದು ಒಳಗೆ ಹೋದಳು. ಸಂಜೆ ನಾಲ್ಕು ಸೀರೆ ಚೀಲಕ್ಕೆ ತುಂಬಿಕೊಂಡು ತಮ್ಮನ ಹೆಂಡತಿಯ ಜೊತೆ ಇರಲು ಪಕ್ಕದ ಮನೆಗೆ ಹೋದಳು. ವಾರ ಕಳೆದ ಮೇಲೆ ಅವನು ಕರೆಯಲು ಹೋದ. ಅವಳು ಅರ್ಧ ಬಾಗಿಲು ತೆಗೆದು, ಒರಟಾಗಿಯೇನೂ ಅಲ್ಲ, ಮೆಲ್ಲಗೇ ಹೇಳಿದಳು:

"ಊಟ ಕಳಿಸ್ತೀನಿ. ನೀವು ಬರ್ಬೇಡಿ."