ಏಳನೇ ದಿನದ ವಾಸನೆ

ಹೇಮಶ್ರೀ ಒದ್ದೆ ಡೈಪರನ್ನು ಡಾಕ್ಟರ ಮೂಗಿನ ಹತ್ತಿರ ಹಿಡಿದಳು.

"ಮೂಸಿ ನೋಡಿ."

ಡಾಕ್ಟರ್ ವಾಸುದೇವ ಹಿಂದೆ ಸರಿಯದೆ ಮೂಸಿದ. ಸ್ಯಾನ್ ಹೊಸೆಯ ಆಸ್ಪತ್ರೆಯಲ್ಲಿ ಕನ್ನಡದ ಡಾಕ್ಟರು ಸಿಕ್ಕಿದ್ದು ಪುಣ್ಯವೆಂದು ಹೇಮಶ್ರೀಯ ಅತ್ತೆ ವೆಂಕಟಮ್ಮ ಆಗಲೇ ಎರಡು ಸಲ ಹೇಳಿದ್ದಳು. ಏಳು ದಿನದ ಮಗು ಅಜ್ಜಿಯ ತೊಡೆಯ ಮೇಲೆ ಹಿಂಡಿದ ಬಟ್ಟೆಯ ಹಾಗೆ ಬಿದ್ದಿತ್ತು. ಬೆಳಿಗ್ಗೆಯಿಂದ ಅತ್ತಿರಲಿಲ್ಲ.

"ಸಿಹಿ ವಾಸನೆ," ಎಂದು ವಾಸುದೇವ ನಕ್ಕ. "ಬಾಣಂತಿ ಅಂತ ಮೆಂತ್ಯದ ಉಂಡೆ ತಿಂತಿದೀರಲ್ಲ? ಮೈಸೂರಲ್ಲಿ ನಮ್ಮಮ್ಮನೂ ಮಾಡೋರು. ಮೆಂತ್ಯ ಹಾಲಿಗಿಳಿಯತ್ತೆ, ಮಗು ಮೂತ್ರಾನೂ ಹೀಗೇ ಘಮ್ಮನ್ನತ್ತೆ. ಇಲ್ಲಿನೋರಿಗೆ ಗೊತ್ತಿರಲ್ಲ, ಗಾಬರಿ ಬೀಳ್ತಾರೆ. ಹುಟ್ಟಿದಾಗ ಮಾಡಿದ ಸ್ಕ್ರೀನಿಂಗು ನಾರ್ಮಲ್ಲೇ ಇದೆ."

"ಈ ತೊಂಬತ್ತೊಂಬತ್ತನೇ ಇಸವೀಲೂ ಕ್ಯಾಲಿಫೋರ್ನಿಯಾ ಸ್ಕ್ರೀನ್ ಮಾಡೋದು ನಾಲ್ಕೈದೇ ಕಾಯಿಲೆ. ನಂಗೆ ಅನುಮಾನ ಇರೋ ಕಾಯಿಲೆ ಅದ್ರಲ್ಲಿಲ್ಲ," ಎಂದಳು ಹೇಮಶ್ರೀ.

ಫಾಸ್ಟರ್ ಸಿಟಿಯ ಒಂದು ಲ್ಯಾಬಿನಲ್ಲಿ ಅಮೈನೊ ಆಮ್ಲಗಳನ್ನು ಅಳೆಯುವುದು ಹೇಮಶ್ರೀಯ ಕೆಲಸ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್: ಹಾಲಿನ ಪ್ರೋಟೀನಿನಲ್ಲಿರುವ ಈ ಮೂರನ್ನೂ ಒಡೆಯಲು ದೇಹ ಒಂದೇ ಕಿಣ್ವವನ್ನು ನಂಬಿಕೊಂಡಿದೆ. ಅಪ್ಪ ಅಮ್ಮ ಇಬ್ಬರಿಂದಲೂ ದೋಷವಿರುವ ಜೀನೇ ಬಂದರೆ ಆ ಕಿಣ್ವ ಕೈಕೊಡುತ್ತದೆ. ಮೂತ್ರ ಸಿಹಿ ನಾರುತ್ತದೆ, ಒಡೆಯದೆ ಉಳಿದ ಲ್ಯೂಸಿನ್ ಮಿದುಳಿಗೆ ಏರಿ ವಿಷವಾಗುತ್ತದೆ. ಅದಕ್ಕೇ ಬೆಳಿಗ್ಗೆ ಆರರಿಂದ ಅವಳು ಮಗುವಿಗೆ ಮೊಲೆ ಕೊಟ್ಟಿರಲಿಲ್ಲ. ಹಾಲಿಳಿದು ಶರ್ಟು ನೆನೆದು ಎದೆಗೆ ಅಂಟಿತ್ತು.

"ನಾನು ಮೆಂತ್ಯ ತಿಂದಿಲ್ಲ," ಎಂದಳು.

ವೆಂಕಟಮ್ಮ ತಲೆಯೆತ್ತಿದಳು. "ತಟ್ಟೆ ಖಾಲಿಯಾಯ್ತಿತ್ತಲ್ಲೇ. ದಿನಾ ಎರಡು ಉಂಡೆ."

"ಸಿಂಕಲ್ಲಿ ಕಸ ಅರೆಯೋ ಡಿಸ್ಪೋಸಲ್‌ಗೆ ಹಾಕಿ ಸ್ವಿಚ್ಚು ಒತ್ತಿದೆ. ದಿನಾ."

"ಮಂಡ್ಯದಿಂದ ಹೊತ್ಕೊಂಡ್ ಬಂದಿದ್ ಮೆಂತ್ಯ ಕಣೇ. ಆ ಕಸ್ಟಮ್ಸ್‌ನೋನ ಕೈಲಿ ಬೈಸ್ಕೊಂಡು."

"ಕಹಿ ಅತ್ತೆ. ವಾಂತಿ ಬರೋದು."

ವೆಂಕಟಮ್ಮ ಸೊಸೆಯ ಕೈಯಿಂದ ಡೈಪರು ಕಿತ್ತುಕೊಂಡು ತಾನೇ ಮೂಸಿದಳು. "ನನ್ ಉಂಡೇದೇ ಅನ್ಕೊಂಡು ನಾನೂ ಸುಮ್ಕಿದ್ದೆ. ಇದು ಅದಲ್ಲ ಕಣಪ್ಪ ಡಾಕ್ಟ್ರೇ. ಆಲೆಮನೇಲಿ ಪಾಕ ಸೀದ್ರೆ ಹಿಂಗ್ ನಾರ್ತದೆ. ಇವ್ಳು ಕಳ್ಳಿ, ಆದ್ರೆ ಈಗ ಸುಳ್ಳು ಹೇಳ್ತಿಲ್ಲ."

ವಾಸುದೇವನ ನಗು ಹೋಗಿತ್ತು. ಮಗುವನ್ನು ಮನೆಗೆ ಕಳಿಸುವ ಡಿಸ್ಚಾರ್ಜಿನ ಕಾಗದ ಮಾತ್ರ ಅವನ ಕೈಯಲ್ಲೇ ಇತ್ತು.

"ನೋಡಿ, ಇವತ್ತು ಶುಕ್ರವಾರ. ಅಮೈನೊ ಆಸಿಡ್ ಟೆಸ್ಟು ಹೊರಗಡೆ ಕಳಿಸ್ಬೇಕು. ಸೋಮವಾರ ಕ್ಲಿನಿಕ್ಕಿಗೆ ಬನ್ನಿ, ಬರ್ಕೊಡ್ತೀನಿ. ಅಲ್ಲೀವರೆಗೆ ಎರಡು ಗಂಟೆಗೊಂದ್ಸಲ ಹಾಲು ಕೊಡಿ." ಅವನು ಪೆನ್ನು ಚಾಚಿದ. "ಇಲ್ಲಿ ಒಂದು ಸೈನ್."

ಹೇಮಶ್ರೀ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಎಳೆದು ಕೂತಳು.

"ಮಗುಗೆ ಗ್ಲೂಕೋಸ್ ಡ್ರಿಪ್ ಹಾಕಿ, ಟೆಸ್ಟಿಗೆ ಇವತ್ತೇ ರಕ್ತ ತೆಗೀರಿ. ನಾನು ಸೈನ್ ಮಾಡಲ್ಲ. ಮನೆಗೂ ಹೋಗಲ್ಲ. ಹಾಲೂ ಕೊಡಲ್ಲ."